ಪಂಚಾಂಗ ನೋಡಿಕೊಂಡು ಕಲ್ಯಾಣಕ್ಕೆ ಬನ್ನಿ

ಹೇಗೆ ಉಣ್ಣಬೇಕು, ಹೇಗೆ ಆಡಬೇಕು, ಹೇಗೆ ಹಾಡು ಕೇಳಬೇಕು ಎಂದು ದೊರೆಯೊಬ್ಬ ಕೂತು ಗ್ರಂಥ ಬರೆಸಿದ ಸೀಮೆಯಿದು. ಮಾರ್ಗಶಿರ ಹುಣ್ಣಿಮೆಯಿಂದ ಸಂಕ್ರಾಂತಿವರೆಗೆ ಇಲ್ಲಿ ಬಂದವರಿಗೆ ಆ ಗ್ರಂಥ ಓದುವ ಕೆಲಸವೇ ಇಲ್ಲ.

ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಬರುವ ಪ್ರವಾಸಿ ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ ಬಿಟ್ಟು ಬಸವಕಲ್ಯಾಣದೊಳಗೆ ಬರುತ್ತಾನೆ. 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಒಂದು ಫೋಟೊ, ಅನುಭವ ಮಂಟಪದಲ್ಲಿ ಒಂದು ಸುತ್ತು, ಅಕ್ಕನಾಗಮ್ಮನ ಗವಿ, ಕೋಟೆ. ಮಧ್ಯಾಹ್ನದ ಹೊತ್ತಿಗೆಲ್ಲ ಮುಗಿಯಿತು. ಊಟಕ್ಕೆ ಮತ್ತೆ ಹೆದ್ದಾರಿಯ ಧಾಬಾ, ಅಲ್ಲಿ ಪನೀರು, ತಂದೂರಿ ರೊಟ್ಟಿ. ಊರು ನೋಡಿದ ಲೆಕ್ಕಕ್ಕೆ ಜಮೆಯಾಯಿತು. ಊರಿನ ಒಂದು ತುತ್ತೂ ಬಾಯಿಗೆ ಬೀಳಲಿಲ್ಲ.

ತಪ್ಪು ಪ್ರವಾಸಿಯದೊಂದೇ ಅಲ್ಲ. ಕಲ್ಯಾಣ ಎಂದರೆ ವಚನ, ಕ್ರಾಂತಿ, ಶರಣರ ಬಲಿದಾನ ಎಂದು ನಾವು ಹೇಳಿಕೊಟ್ಟಿದ್ದೇವೆ. ಅದೆಲ್ಲ ನಿಜವೇ. ಆದರೆ ಇದೇ ಊರು ಶರಣರಿಗಿಂತ ಸ್ವಲ್ಪ ಮೊದಲು ಭರತಖಂಡದ ಅತ್ಯಂತ ರುಚಿಗಾರ ಅರಮನೆಯೊಂದನ್ನು ಸಾಕಿತ್ತು ಎಂಬುದನ್ನು ಹೇಳಲು ಮರೆತೆವು.

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಕವಿ ಬಿಲ್ಹಣನಿಗೆ, ಮಿತಾಕ್ಷರದ ವಿಜ್ಞಾನೇಶ್ವರನಿಗೆ ಆಶ್ರಯ ಕೊಟ್ಟವನು. ಅವನ ಮಗ ಮೂರನೆಯ ಸೋಮೇಶ್ವರ ಯುದ್ಧದಲ್ಲಿ ತಂದೆಯಷ್ಟು ಹೆಸರು ಮಾಡಲಿಲ್ಲ. ಅವನ ಆಸಕ್ತಿ ಬೇರೆ ಕಡೆಗಿತ್ತು. 1129ರ ಸುಮಾರಿಗೆ ಅವನ ಹೆಸರಿನಲ್ಲಿ ಸಿದ್ಧವಾದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ರಾಜ್ಯ ಗಳಿಸುವುದು, ಉಳಿಸಿಕೊಳ್ಳುವುದು ಮೊದಲ ಎರಡು ಭಾಗದಲ್ಲೇ ಮುಗಿದುಹೋಗುತ್ತದೆ. ಉಳಿದ ಮೂರು ಭಾಗ ಪೂರ್ತಿ ಉಪಭೋಗ, ವಿನೋದ, ಕ್ರೀಡೆ. ಅರವತ್ತು ಅಧ್ಯಾಯಗಳಲ್ಲಿ ಸುಖದ ಮಾತು! ರಾಜ್ಯಭಾರಕ್ಕೆ ನಲವತ್ತು, ಸುಖಕ್ಕೆ ಅರವತ್ತು. ದೊರೆಯ ಈ ಲೆಕ್ಕಾಚಾರ ನನಗೆ ಬಹಳ ಹಿಡಿಸಿದೆ.

ದೊರೆಯ ತಟ್ಟೆ

ಅನ್ನಭೋಗದ ಅಧ್ಯಾಯ ಓದುತ್ತ ಹೋದರೆ ನಮ್ಮ ಮನೆಯ ಅಡುಗೆಯೇ ಬೇರೆ ಉಡುಪಿನಲ್ಲಿ ಎದುರಾಗುತ್ತದೆ. ಉದ್ದಿನ ಹಿಟ್ಟಿನಿಂದ ಮಾಡಿ ಮೆಣಸು, ಜೀರಿಗೆ, ಇಂಗು ಬೆರೆಸುವ ‘ಇಡ್ಡರಿಕ’ ಇದೆ. ಅಕ್ಕಿಯಿಲ್ಲ, ಹುದುಗಿಲ್ಲ, ಆದರೂ ಇಡ್ಲಿಯ ಅಜ್ಜಿ. ‘ಧೋಸಕ’ ಇದೆ, ಅದೂ ಬೇಳೆಯದೇ. ಮಂಡಕ, ವಟಕ, ಹಲವು ಬೇಳೆ ಕೂಡಿಸಿ ಕುದಿಸುವ ವಿದಲಪಾಕ, ಎಲ್ಲ ಸಾಲಾಗಿ ಬರುತ್ತವೆ. ಮಾಂಸದ ಪಟ್ಟಿ ಇನ್ನೂ ಉದ್ದ. ಶಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡುವ ತುಂಡುಗಳನ್ನು ಓದಿದರೆ ಇಂದಿನ ಸೀಖ್ ಕಬಾಬಿನ ವಾಸನೆ ಬರುತ್ತದೆ. ನದಿದಂಡೆಯ ಕಪ್ಪು ಇಲಿಯನ್ನು ಕಾದ ಎಣ್ಣೆಗೆ ಹಿಡಿದು ಕೂದಲು ತೆಗೆದು ಕರಿಯುವ ವಿಧಾನವೂ ಅಲ್ಲಿದೆ. ಆಮೆಯ ಮಾಂಸ ಹುರಿದರೆ ಬಾಳೆಕಾಯಿಯ ರುಚಿಯಂತೆ! ದೊರೆಯ ನಾಲಗೆಗೆ ಮಡಿ ಮೈಲಿಗೆ ಇರಲಿಲ್ಲ.

ಮೀನು ಹಿಡಿಯುವುದಕ್ಕೇ ಒಂದು ಅಧ್ಯಾಯ ಮೀಸಲು. ಯಾವ ಮೀನಿಗೆ ಯಾವ ಎರೆ, ದಾರ ಎಷ್ಟು ಗಟ್ಟಿ ಇರಬೇಕು, ಗಾಳಕ್ಕೆ ಸಿಕ್ಕ ಮೀನನ್ನು ದಣಿಸಿ ದಂಡೆಗೆ ತರುವುದು ಹೇಗೆ ಎಂಬುದೆಲ್ಲ ಇದೆ. ಕಲ್ಯಾಣದ ಸುತ್ತ ದೊಡ್ಡ ಹೊಳೆಯಿಲ್ಲ ಎಂಬುದನ್ನು ನೆನೆದರೆ ಈ ಅಧ್ಯಾಯದ ರುಚಿ ಹೆಚ್ಚುತ್ತದೆ. ಇದು ಸಣ್ಣ ನೀರಿನ ನಾಡು. ಇಲ್ಲಿ ಹುಟ್ಟುವ ಮುಲ್ಲಾಮಾರಿ ಕಾಗಿಣಾ, ಭೀಮೆಯರ ಜೊತೆಗೂಡಿ ಕೃಷ್ಣೆಗೆ ಹೋಗುತ್ತದೆ. ಚುಳಕಿನಾಲಾದ ನೀರು ಮಾಂಜ್ರಾದ ಕಡೆ ಸರಿದು ಗೋದಾವರಿಯ ಪಾಲಾಗುತ್ತದೆ. ಒಂದೇ ತಾಲ್ಲೂಕಿನ ಮಳೆ ಎರಡು ಮಹಾನದಿಗಳಿಗೆ ಹಂಚಿಕೆಯಾಗುವ ದಿಬ್ಬ ಇದು. ಹರಿಯುವ ನೀರು ಕಡಿಮೆ ಇರುವಲ್ಲಿ ಕೆರೆಯೇ ಹೊಳೆ. ತ್ರಿಪುರಾಂತ ಕೆರೆಯ ದಂಡೆಯಲ್ಲಿ ಸಂಜೆ ತಿರುಗಾಡಿದವರಿಗೆ ಅದು ಗೊತ್ತು.

ಸೋಮೇಶ್ವರನ ಗ್ರಂಥಕ್ಕೆ ಮೂರು ದಶಕ ತುಂಬುವ ಹೊತ್ತಿಗೆ ಕಲಚೂರಿ ಬಿಜ್ಜಳ ಕಲ್ಯಾಣದ ಗದ್ದುಗೆ ಏರಿದ್ದ, ಬಸವಣ್ಣ ಅವನ ಭಂಡಾರ ನೋಡಿಕೊಳ್ಳುತ್ತಿದ್ದ. ಊಟದ ಕಥೆಯೂ ಮಗ್ಗುಲು ಬದಲಿಸಿತು. ಚಿನ್ನದ ತಟ್ಟೆಯ ಮುಂದೆ ಕೂತು ಉಣ್ಣುವ ದೊರೆಯ ಊರಿನಲ್ಲಿ, ಕಾಯಕ ಮಾಡಿದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂಡುವ ದಾಸೋಹ ಶುರುವಾಯಿತು. ಕಲ್ಯಾಣದ ಅಡುಗೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಘಟನೆ ಇನ್ನೊಂದಿಲ್ಲ ಎಂದೇ ನನ್ನ ತೀರ್ಮಾನ. ಯಾವ ಖಾದ್ಯ ಎಂಬುದಕ್ಕಿಂತ ಯಾರ ಪಕ್ಕ ಕೂತು ಎಂಬುದು ಮುಖ್ಯವಾದದ್ದು ಆಗಲೇ.

ನವಾಬರ ಕಾಲಕ್ಕೆ ಬಂದರೂ ಆ ಗುಣ ಪೂರ್ತಿ ಹೋಗಲಿಲ್ಲ. ನಿಜಾಮರ ಆಡಳಿತದಲ್ಲಿ ಈ ಊರು ‘ಕಲ್ಯಾಣಿ’ ಎಂಬ ಜಹಗೀರಾಗಿತ್ತು. ಅದರ ನವಾಬರಿಗೆ ಹೈದರಾಬಾದಿನಲ್ಲಿ ದೇವಡಿ, ಅಂದರೆ ದೊಡ್ಡ ಮನೆ, ಇತ್ತು. ಕೋರ್ಟು ಕಚೇರಿ, ವ್ಯಾಪಾರ ಎಂದು ಈ ಕಡೆಯಿಂದ ಹೋದವರಿಗೆಲ್ಲ ಆ ದೇವಡಿಯಲ್ಲಿ ಊಟ ಕಾದಿರುತ್ತಿತ್ತು ಎನ್ನುತ್ತಾರೆ. ಅಲ್ಲಿಂದ ಹೊರಬಿದ್ದದ್ದೇ ಕಲ್ಯಾಣಿ ಬಿರಿಯಾನಿ. ಎಮ್ಮೆ ಮಾಂಸದ ಸಣ್ಣ ಚೌಕ ತುಂಡು, ಜೀರಿಗೆ, ಕೊತ್ತಂಬರಿ, ಎದ್ದು ಕಾಣುವಷ್ಟು ಟೊಮೆಟೊ. ಕೇಸರಿ, ಒಣಹಣ್ಣಿನ ಆಡಂಬರವಿಲ್ಲ. ಹೈದರಾಬಾದಿನ ಜನ ಇದನ್ನು ಬಡವರ ಬಿರಿಯಾನಿ ಎಂದು ಕರೆದರು. ಇವತ್ತು ಆ ಮಹಾನಗರದಲ್ಲಿ ‘ಕಲ್ಯಾಣಿ’ ಎಂಬ ಬೋರ್ಡು ಅಲ್ಲಲ್ಲಿ ಕಾಣುತ್ತದೆ. ತಿನ್ನುವವರಲ್ಲಿ ಎಷ್ಟೋ ಮಂದಿಗೆ ಅದು ಕರ್ನಾಟಕದ ಒಂದು ಊರಿನ ಹೆಸರು ಎಂಬುದೇ ತಿಳಿಯದು. 1956ರಲ್ಲಿ ಊರು ಬಸವಕಲ್ಯಾಣವಾಯಿತು, ಬಿರಿಯಾನಿ ಮಾತ್ರ ಹಳೆಯ ಹೆಸರಿನಲ್ಲೇ ಉಳಿಯಿತು.

ಎಳ್ಳ ಅಮಾಸಿಯ ಹೊಲ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾನಸೋಲ್ಲಾಸದ ಕೊನೆಯ ಭಾಗದಲ್ಲಿ ಇಪ್ಪತ್ತು ಕ್ರೀಡೆಗಳಿವೆ: ಗುಡ್ಡದ ಆಟ, ವನದ ಆಟ, ಜೋಕಾಲಿ, ಬಣ್ಣದ ನೀರೆರಚುವುದು, ಮರಳಿನ ಆಟ, ಬೆಳದಿಂಗಳ ಆಟ, ಒಗಟು, ಚದುರಂಗ, ಕವಡೆ. ಅವುಗಳ ನಡುವೆ ಒಂದು ಸಸ್ಯಕ್ರೀಡೆ, ಬೆಳೆದು ನಿಂತ ಹೊಲದಲ್ಲಿ ಪರಿವಾರದೊಡನೆ ಕಾಲ ಕಳೆಯುವುದು. ದೊರೆ ಇದನ್ನೆಲ್ಲ ತಾನೇ ಹುಡುಕಿದನೆಂದು ನಾನು ನಂಬುವುದಿಲ್ಲ. ಪಂಚಮಿಗೆ ಜೋಕಾಲಿ ಕಟ್ಟುವುದು, ಓಕುಳಿ ಆಡುವುದು, ಕವಡೆ ಹಾಕಿ ಚೌಕಾಬಾರ ಕೂಡುವುದು ಈ ಸೀಮೆಯ ಹಳ್ಳಿಹಳ್ಳಿಗೂ ಗೊತ್ತು. ಜನ ಆಡುತ್ತಿದ್ದುದನ್ನು ಅರಮನೆ ಸಂಸ್ಕೃತದಲ್ಲಿ ಬರೆದಿಟ್ಟುಕೊಂಡಿತು ಎಂಬುದು ನನ್ನ ಗುಮಾನಿ.

ಆ ಗುಮಾನಿಗೆ ಸಾಕ್ಷಿ ಬೇಕಾದರೆ ಮಾರ್ಗಶಿರದ ಅಮಾವಾಸ್ಯೆಗೆ, ಅಂದರೆ ಎಳ್ಳ ಅಮಾಸಿಗೆ, ಡಿಸೆಂಬರ್–ಜನವರಿಯ ಚಳಿಯಲ್ಲಿ ಇಲ್ಲಿರಿ. ಅವತ್ತು ಊರು ಖಾಲಿ, ಹೊಲ ಭರ್ತಿ. ಎತ್ತಿನ ಗಾಡಿ ಇದ್ದವರು ಗಾಡಿಯಲ್ಲಿ, ಉಳಿದವರು ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ, ಬೈಕಿನಲ್ಲಿ ಅಡುಗೆ ಹೊತ್ತು ಹೊರಡುತ್ತಾರೆ. ಬೆಂಗಳೂರು, ಪುಣೆ, ಹೈದರಾಬಾದಿಗೆ ದುಡಿಯಲು ಹೋದ ಮಕ್ಕಳು ದೀಪಾವಳಿ ತಪ್ಪಿಸಿದರೂ ಇದಕ್ಕೆ ಬರುತ್ತಾರೆ. ಹೊಲದ ನಡುವೆ ಜೋಳದ ದಂಟಿನಿಂದ ಪುಟ್ಟ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಕೂಡಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಗಂಡಸೊಬ್ಬ ಹೊಲದ ಸುತ್ತ ಹೋಗುತ್ತ, ಗಟ್ಟಿಯಾಗಿ ಕೂಗುತ್ತ, ಬೆಳೆಗೆ ಚರಗ ಚೆಲ್ಲುತ್ತಾನೆ. ಭೂತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಮೊದಲು, ಮನುಷ್ಯರದು ನಂತರ.

ಊಟದ ನಾಯಕ ಭಜ್ಜಿ. ಹೆಸರು ಕೇಳಿ ಮಿರ್ಚಿ ಭಜಿ ನೆನಪಾದರೆ ಮರೆತುಬಿಡಿ. ಹಸಿ ಕಡಲೆ, ತೊಗರಿ, ಅವರೆ, ಬಟಾಣಿ, ಶೇಂಗಾ, ಇವೆಲ್ಲ ಆ ವಾರ ಹೊಲದಲ್ಲಿ ಬಿಡಿಸಿದ ಕಾಳು. ಜೊತೆಗೆ ಮೆಂತ್ಯೆ, ಪಾಲಕ್, ಬದನೆಕಾಯಿ, ಗಜ್ಜರಿ, ಮನೆಯಲ್ಲಿ ಇದ್ದಬದ್ದ ತರಕಾರಿ. ಎಲ್ಲ ಬೆಂದ ಮೇಲೆ ಮಜ್ಜಿಗೆಯಲ್ಲೋ ಹುಣಸೆ ಹುಳಿಯಲ್ಲೋ ಕಲಸಿದ ಕಡಲೆಹಿಟ್ಟು ಬಿಟ್ಟು, ಹಸಿ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಗಟ್ಟಿಯಾಗುವ ತನಕ ಕೈ ಬಿಡದೆ ತಿರುವಬೇಕು. ತಿರುವುವುದು ನಿಲ್ಲಿಸಿದರೆ ತಳ ಹತ್ತುತ್ತದೆ, ಹಿಟ್ಟು ಗಂಟಾಗುತ್ತದೆ. ದೊಡ್ಡ ಮನೆಗಳಲ್ಲಿ ಹಿಂದಿನ ರಾತ್ರಿಯೇ ಹೆಣ್ಣುಮಕ್ಕಳು ಪಾಳಿ ಹಾಕಿಕೊಂಡು ಇದಕ್ಕೆ ಕೂಡುತ್ತಾರೆ. ಇದರೊಂದಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಮಣ್ಣಿನ ಗಡಿಗೆಯಲ್ಲಿ ಹುಳಿ ಬಂದ ಜೋಳದ ಅಂಬಲಿ. ಅಂಬಲಿಗೆ ಜೀರಿಗೆ, ಬೆಳ್ಳುಳ್ಳಿ ಜಜ್ಜಿ ಹಾಕಿರುತ್ತಾರೆ. ತಂಪಾಗಿ, ತುಸು ಹುಳಿಯಾಗಿ ಗಂಟಲಿಗೆ ಇಳಿಯುತ್ತದೆ. ಭಜ್ಜಿಯಷ್ಟೇ ತಿಂದು ಅಂಬಲಿ ಬಿಟ್ಟವರು ಸಂಜೆ ಹೊಟ್ಟೆ ಹಿಡಿದುಕೊಂಡು ಕೂಡುತ್ತಾರೆ, ಎಚ್ಚರ.

ದಾರಿಯಲ್ಲಿ ಹೋಗುವವರನ್ನು ಅವತ್ತು ಯಾರೂ ಸುಮ್ಮನೆ ಬಿಡುವುದಿಲ್ಲ. ‘ಬರ್ರಿ ಅಣ್ಣಾ, ಉಣ್ಲಾಕ ಬರ್ರಿ’ ಎಂದು ಬದುವಿನಿಂದಲೇ ಕೂಗುತ್ತಾರೆ. ಯಾವ ಊರು, ಯಾವ ಜಾತಿ ಎಂಬ ವಿಚಾರಣೆಗೆ ಅವತ್ತು ರಜೆ. ಗಡಿಯಾಚೆ ಲಾತೂರು, ಧಾರಾಶಿವಗಳಲ್ಲೂ ಇದೇ ದಿನ ಇದೇ ಭಜ್ಜಿ, ಇದೇ ಅಂಬಲಿ. ಅಲ್ಲಿ ಇದಕ್ಕೆ ವೇಳ ಅಮಾವಾಸ್ಯೆ ಎಂದು ಹೆಸರು. 1956ರ ರಾಜ್ಯ ವಿಂಗಡಣೆಯ ಗಡಿರೇಖೆಗೆ ಭಜ್ಜಿಯ ಪರಿಚಯವಿರಲಿಲ್ಲ.

ಒಂದು ತಕರಾರು ಇಲ್ಲೇ ಹೇಳಿಬಿಡುತ್ತೇನೆ. ಬಸವಕಲ್ಯಾಣದಲ್ಲಾಗಲಿ ಪಕ್ಕದ ಹುಮನಾಬಾದಿನಲ್ಲಾಗಲಿ ಹೋಟೆಲಿಗೆ ಹೋಗಿ ಭಜ್ಜಿ ಕೇಳಿದರೆ ಸಿಗುವುದು ಮೆಣಸಿನಕಾಯಿಯದೇ. ಪ್ರವಾಸೋದ್ಯಮದ ಭಾಷಣಗಳಲ್ಲಿ ಕೋಟಿಗಳ ಮಾತು ಬರುತ್ತದೆ. ಹೊಸ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲು ಬಿತ್ತು; 770 ಶರಣರ ನೆನಪಿಗೆ 770 ಕಂಬಗಳ ಕಟ್ಟಡ. ಕಟ್ಟಡ ಬೇಕು, ಬೇಡ ಎನ್ನುತ್ತಿಲ್ಲ. ಅದರ ಅಂಗಳದಲ್ಲಿ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಚಳಿಗಾಲದ ಮೂರು ತಿಂಗಳು ಭಜ್ಜಿ–ರೊಟ್ಟಿ–ಅಂಬಲಿಯ ಪಂಕ್ತಿ ಹಾಕಿದರೆ, ದಾಸೋಹದ ಪಾಠವನ್ನು ಫಲಕದಲ್ಲಿ ಬರೆದು ತೂಗುಹಾಕುವ ಖರ್ಚು ಉಳಿದೀತು.

ಹುಣ್ಣಿಮೆಯ ದರ್ಬಾರು

ಎಳ್ಳ ಅಮಾಸಿಗೆ ಹದಿನೈದು ದಿನ ಮೊದಲು, ಮಾರ್ಗಶಿರ ಹುಣ್ಣಿಮೆಗೆ, ದತ್ತ ಜಯಂತಿ. ಆ ದಿನಗಳಲ್ಲಿ ಹುಮನಾಬಾದಿನ ಹೊರವಲಯದ ಮಾಣಿಕನಗರಕ್ಕೆ ಹೋಗಬೇಕು. ಗುರುಗಂಗಾ, ವಿರಜಾ ಎಂಬ ಎರಡು ಸಣ್ಣ ಹಳ್ಳಗಳು ಕೂಡುವ ಜಾಗ. 1817ರ ದತ್ತ ಜಯಂತಿಯಂದು ಬಸವಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಇಲ್ಲಿ ನೆಲೆಸಿದರು, 1865ರಲ್ಲಿ ಇಲ್ಲೇ ಸಮಾಧಿಸ್ಥರಾದರು. ಎಲ್ಲ ಮತಗಳೂ ಸಮ ಎನ್ನುವ ಸಕಲಮತ ಸಂಪ್ರದಾಯ ಅವರದು. ಅವರೂ ಅವರ ನಂತರದ ಪೀಠಸ್ಥರೂ ಕನ್ನಡ, ಮರಾಠಿ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿದರು.

ಉತ್ಸವದ ದರ್ಬಾರಿನ ರಾತ್ರಿ ಗಾಯಕರು, ವಾದಕರು ಗಾದಿಯ ಮುಂದೆ ಕೂತು ಸೇವೆ ಸಲ್ಲಿಸುತ್ತಾರೆ. ಟಿಕೆಟ್ಟಿಲ್ಲ. ಎದುರಿನ ಜಮಖಾನೆಯ ಮೇಲೆ ಸೊಲ್ಲಾಪುರದ ವ್ಯಾಪಾರಿಯ ಪಕ್ಕ ಹುಡಗಿ ಗ್ರಾಮದ ಒಕ್ಕಲಿಗ, ಅವನ ಪಕ್ಕ ಹೈದರಾಬಾದಿನ ಕಾಲೇಜು ಹುಡುಗಿ. ಹಾಡುವವರು ಹೆಸರಾಂತರೋ ಅಲ್ಲವೋ, ಸಮಯದ ರಾಗ ಸಮಯಕ್ಕೆ ಕೇಳಬೇಕೆಂದು ನಿದ್ದೆಗೆಟ್ಟು ಕೂತ ಈ ಕೇಳುಗರನ್ನು ನೋಡುವುದೇ ಒಂದು ಭಾಗ್ಯ. ಮಹಾನಗರದ ಸಭಾಂಗಣಗಳಲ್ಲಿ ಒಂಬತ್ತೂವರೆಗೆ ಕಛೇರಿ ಮುಗಿಸಿ ಪಾರ್ಕಿಂಗಿಗೆ ಓಡುವ ನಮ್ಮಂಥವರು ಇಲ್ಲಿ ಒಂದು ರಾತ್ರಿ ಕಳೆಯಬೇಕು.

ಜನವರಿಯಲ್ಲಿ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ. ತೇರು, ತೊಟ್ಟಿಲು, ಬಳೆ ಅಂಗಡಿ, ಬೆಂಡು ಬತ್ತಾಸು ಎಲ್ಲ ಜಾತ್ರೆಯಲ್ಲೂ ಇರುವಂಥದ್ದೇ, ವಿವರ ಬೇಡ. ಈ ಭಾಗದ ಜಾತ್ರೆಗಳ ಜಂಗಿ ಕುಸ್ತಿಯ ಬಗ್ಗೆ ಮಾತ್ರ ಒಂದು ಮಾತು. ಮಾನಸೋಲ್ಲಾಸದ ಮಲ್ಲವಿನೋದದಲ್ಲಿ ಪೈಲ್ವಾನರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆ ಮಾಡಿದ್ದಾರೆ. ಕಂಬ ಹತ್ತುವ, ಭಾರ ಎತ್ತುವ, ಈಜುವ ಸಾಧನೆಗಳನ್ನು ಹೇಳಿದ್ದಾರೆ. ಮಲ್ಲಕಂಬದ ಚರಿತ್ರೆ ಬರೆಯುವವರು ಈ ಅಧ್ಯಾಯವನ್ನು ಎತ್ತಿ ತೋರಿಸದೆ ಮುಂದೆ ಹೋಗುವುದಿಲ್ಲ. ಕೆಂಪು ಮಣ್ಣಿನ ಅಖಾಡದ ಸುತ್ತ ಕೂತು ಶೇಂಗಾ ಒಡೆಯುತ್ತ ಜೋಡಿಗೆ ಕೂಗು ಹಾಕುವ ಮುದುಕರಿಗೆ ಸೋಮೇಶ್ವರ ಯಾರೆಂದು ತಿಳಿಯದಿದ್ದರೇನು, ಪಟ್ಟು ತಿಳಿದಿದೆ.

ನಡುವೆ ಬಿಡುವಾದ ಎರಡು ದಿನ ಗುಡಿಗಳಿಗೆ ಕೊಡಿ. ಬಸವಕಲ್ಯಾಣದ ಪಕ್ಕದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವಿದೆ. ಕೆತ್ತನೆ ನೋಡಲು ಸಂಜೆಯ ಇಳಿಬಿಸಿಲೇ ಸರಿ. ಉಮಾಪುರದ ಮಹಾದೇವ ಗುಡಿಯೂ ಇದೇ ತಾಲ್ಲೂಕಿನದು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯನ್ನಂತೂ ತಪ್ಪಿಸಬಾರದು. ಅಲ್ಲಿಯ ಗೋಡೆಯ ಮೇಲೊಬ್ಬ ಶಿಲಾಬಾಲಿಕೆ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತಿದ್ದಾಳೆ. ಕನ್ನಡಿ ಹಿಡಿದ, ಜಡೆ ಹೆಣೆವ, ಕುಣಿವ ಮದನಿಕೆಯರು ಬೇಕಾದಷ್ಟು ಸಿಗುತ್ತಾರೆ, ಬರೆಯುವವಳು ಅಪರೂಪ.

ಬರುವುದು ಕಷ್ಟವಿಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಮೇಲೆ ಹುಮನಾಬಾದಿಗೆ ರೈಲೂ ಇದೆ. ಪುಣೆ–ಹೈದರಾಬಾದ್ ಹೆದ್ದಾರಿ ಬಸವಕಲ್ಯಾಣ, ಹುಮನಾಬಾದ್ ಎರಡೂ ಊರಿನ ಮಗ್ಗುಲಲ್ಲೇ ಹಾಯುತ್ತದೆ. ದತ್ತ ಜಯಂತಿಯ ದಿನಗಳಲ್ಲಿ ವಸತಿಗೆ ಮೊದಲೇ ಹೇಳಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಮಾತ್ರ ಬರಬೇಡಿ. ಆ ಬಿಸಿಲಿಗೆ ಇಲ್ಲಿಯವರೇ ಹೊರಬೀಳುವುದಿಲ್ಲ. ಎಳ್ಳ ಅಮಾಸಿಯಂದು ಹೊಲಕ್ಕೆ ಕರೆದರೆ ನಾಚಿಕೊಳ್ಳದೆ ಹೋಗಿ ಕೂಡ್ರಿ. ಎರಡನೆಯ ರೊಟ್ಟಿ ಬೇಡ ಎನ್ನಬೇಡಿ, ಊಟವಾದ ಮೇಲೆ ದುಡ್ಡಿನ ಮಾತು ಎತ್ತಬೇಡಿ. ಎತ್ತಿದರೆ ನಿಜಕ್ಕೂ ಸಿಟ್ಟಾಗುತ್ತಾರೆ.