ಗ್ಲುಟನ್ ಬಿಟ್ಟ ಮೇಲೆ ಬಾಯಾರಿಕೆ ಹೆಚ್ಚಾಗಿದೆಯೇ? ಬಿಸಿಲನ್ನಷ್ಟೇ ದೂರಬೇಡಿ, ಕಾರಣ ಬೇರೆಯೂ ಇರಬಹುದು

ನಾಸಿಕ್/ಛತ್ರಪತಿ ಸಂಭಾಜಿನಗರ (ಮಹಾರಾಷ್ಟ್ರ): ಚಪಾತಿ, ಪಾವ್, ಬ್ರೆಡ್ ಬಿಟ್ಟು ಗ್ಲುಟನ್ ಮುಕ್ತ ಆಹಾರ ಶುರು ಮಾಡಿದ ಕೆಲವರಿಗೆ ಮೊದಲ ದಿನಗಳಲ್ಲಿ ಬಾಯಿ ಒಣಗುವುದು, ಪದೇ ಪದೇ ಬಾಯಾರಿಕೆ, ತಲೆನೋವು, ಸುಸ್ತು ಕಾಣಿಸಿಕೊಳ್ಳುತ್ತದೆ. ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವ ನಾಸಿಕ್, ಛತ್ರಪತಿ ಸಂಭಾಜಿನಗರದಂತಹ ಊರುಗಳಲ್ಲಿ ಇದು ಬಿಸಿಲಿನ ಕಾಟ ಎಂದು ಸುಮ್ಮನಾಗುವುದು ಸುಲಭ. ಆದರೆ ಈ ಬಾಯಾರಿಕೆಗೆ ಊಟದ ಬದಲಾವಣೆ ಕಾರಣವಾಗಿರಬಹುದು. ಕೆಲವೊಮ್ಮೆ ಅದು ಮಧುಮೇಹದ ಮುನ್ಸೂಚನೆಯೂ ಆಗಿರಬಹುದು.

ಏನಿದು ಗ್ಲುಟನ್?: ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಪ್ರೋಟೀನ್ ಇದು. ಸೀಲಿಯಾಕ್ ಕಾಯಿಲೆ ಇರುವವರು ಗ್ಲುಟನ್ ತಿಂದರೆ ಅವರ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಮಾಡುತ್ತದೆ. ಇಂಥವರು ಜೀವನಪೂರ್ತಿ ಗ್ಲುಟನ್‌ನಿಂದ ದೂರವಿರಬೇಕು.

ಬಾಯಾರಿಕೆ ಏಕೆ?: ಗ್ಲುಟನ್ ಬಿಟ್ಟ ಮಾತ್ರಕ್ಕೆ ದೇಹದಲ್ಲಿ ನೀರು ಕಡಿಮೆಯಾಗುವುದಿಲ್ಲ. ಅದರ ಜಾಗಕ್ಕೆ ಏನು ಬಂತು ಎಂಬುದು ಮುಖ್ಯ. ಚಪಾತಿ ಬಿಟ್ಟವರು ಅನ್ನ, ರೊಟ್ಟಿಯನ್ನೂ ಕಡಿಮೆ ಮಾಡಿದರೆ ಯಕೃತ್ತು ಮತ್ತು ಸ್ನಾಯುಗಳಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಕರಗುತ್ತದೆ. ಪ್ರತಿ 1 ಗ್ರಾಂ ಗ್ಲೈಕೋಜನ್ ಸುಮಾರು 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಕರಗಿದಾಗ ಆ ನೀರು, ಜತೆಗೆ ಉಪ್ಪಿನಂಶವೂ ಮೂತ್ರದಲ್ಲಿ ಹೊರಹೋಗುತ್ತದೆ. ಮೊದಲ ವಾರದಲ್ಲೇ ತೂಕ ಇಳಿಯಿತು ಎಂಬ ಖುಷಿಯಲ್ಲಿ ಇದರ ಪಾಲೂ ಇರುತ್ತದೆ.

ಇನ್ನು ಕೆಲವರು ಪ್ಯಾಕೆಟ್‌ನ ಗ್ಲುಟನ್ ಮುಕ್ತ ಬಿಸ್ಕತ್ತು, ಕುರುಕಲು ತಿಂಡಿಗಳ ಮೊರೆ ಹೋಗುತ್ತಾರೆ. ಇವುಗಳಲ್ಲಿ ಉಪ್ಪು, ಸಕ್ಕರೆ, ಪಿಷ್ಟ ಹೆಚ್ಚಿದ್ದರೆ ಬಾಯಾರಿಕೆಯೂ ಹೆಚ್ಚುತ್ತದೆ. ಸೀಲಿಯಾಕ್ ರೋಗಿಗಳಲ್ಲಿ ಕರುಳು ಚೇತರಿಸಿಕೊಳ್ಳಲು ಸಮಯ ಬೇಕು. ಅಲ್ಲಿಯವರೆಗೆ ಭೇದಿ ಮುಂದುವರಿದರೆ ನೀರು, ಲವಣ ಎರಡೂ ನಷ್ಟವಾಗುತ್ತವೆ.

ಜೋಳವಿದೆ, ಆದರೆ ಗಿರಣಿ ನೋಡಿಕೊಳ್ಳಿ: ನಾಸಿಕ್ ಮತ್ತು ಮರಾಠವಾಡದ ಮನೆಗಳ ಜೋಳ, ಸಜ್ಜೆಯ ಭಾಕ್ರಿಯಲ್ಲಿ ಗ್ಲುಟನ್ ಇಲ್ಲ. ಕಲಬುರಗಿ, ವಿಜಯಪುರದವರ ಜೋಳದ ರೊಟ್ಟಿಯೂ ಇದೇ. ಕಡಲೆಹಿಟ್ಟಿನ ಪಿಠ್ಲ, ಮೊಳಕೆಕಾಳಿನ ಉಸಳ್, ಮಜ್ಜಿಗೆ ಜತೆಗಿದ್ದರೆ ಪ್ಯಾಕೆಟ್ ತಿಂಡಿಯ ಅಗತ್ಯವೇ ಬೀಳದು. ಜೋಳ, ಸಜ್ಜೆಯಲ್ಲಿ ನಾರಿನಂಶ ಹೆಚ್ಚಿರುವುದರಿಂದ ನೀರನ್ನೂ ಹೆಚ್ಚು ಕುಡಿಯಬೇಕು.

ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳ ಬೀಸಿದರೆ ಹಿಟ್ಟು ಬೆರೆಯುತ್ತದೆ. ಥಾಲಿಪೀಠದ ಹಿಟ್ಟಿನಲ್ಲಿ ಹಲವರು ಗೋಧಿ ಸೇರಿಸುತ್ತಾರೆ. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಇರಬಹುದು. ಮಿಸಳ್ ತಿನ್ನುವವರು ಪಾವ್ ಬಿಟ್ಟರಷ್ಟೇ ಸಾಲದು, ಮೇಲೆ ಉದುರಿಸುವ ಫರಸಾಣದಲ್ಲಿ ಏನಿದೆ ಎಂದೂ ಕೇಳಬೇಕು. ಸೀಲಿಯಾಕ್ ಇರುವವರಿಗೆ ಇಷ್ಟು ಗ್ಲುಟನ್ ಸಾಕು, ಭೇದಿ ಮತ್ತೆ ಶುರುವಾಗಬಹುದು. ಭಾರತದಲ್ಲಿ 'ಗ್ಲುಟನ್ ಮುಕ್ತ' ಎಂದು ಬರೆದ ಆಹಾರದಲ್ಲಿ ಪ್ರತಿ ಕೆಜಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರುವಂತಿಲ್ಲ.

ಸಕ್ಕರೆ ಪರೀಕ್ಷೆ ಮರೆಯಬೇಡಿ: ಎಷ್ಟು ನೀರು ಕುಡಿದರೂ ದಾಹ ತಣಿಯದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗಿ, ತೂಕವೂ ಇಳಿಯುತ್ತಿದ್ದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಟೈಪ್ 1 ಮಧುಮೇಹ ಇರುವವರಲ್ಲಿ ಸೀಲಿಯಾಕ್ ಕಾಯಿಲೆ ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆ. ಮಕ್ಕಳಲ್ಲಿ ಈ ಲಕ್ಷಣಗಳನ್ನು ಡಯಟ್ ಪರಿಣಾಮ ಎಂದುಕೊಂಡು ಕಾಯುವುದು ಅಪಾಯ. ವಾಂತಿ, ಹೊಟ್ಟೆನೋವು, ವೇಗದ ಉಸಿರಾಟ, ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಏನು ಮಾಡಬೇಕು?: ಮೂತ್ರದ ಬಣ್ಣ ಗಮನಿಸಿ. ತಿಳಿ ಹಳದಿ ಇದ್ದರೆ ಸಾಮಾನ್ಯವಾಗಿ ನೀರು ಸಾಕಾಗುತ್ತಿದೆ ಎಂದರ್ಥ, ಗಾಢವಾಗಿದ್ದರೆ ಸಾಲದು. ಭೇದಿಯಾಗುತ್ತಿದ್ದರೆ ಬರೀ ನೀರಿನ ಬದಲು ಒಆರ್‌ಎಸ್ ಕುಡಿಯುವುದು ಉತ್ತಮ. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿನಲ್ಲಿ ಕಲಸಬೇಕು. ಬಿಪಿ, ಹೃದಯ, ಕಿಡ್ನಿ ಸಮಸ್ಯೆ ಇರುವವರು ವೈದ್ಯರನ್ನು ಕೇಳಿಯೇ ಉಪ್ಪು, ನೀರಿನ ಪ್ರಮಾಣ ಬದಲಿಸಬೇಕು.

ಇನ್ನೊಂದು ಮಾತು. ಸೀಲಿಯಾಕ್ ಅನುಮಾನವಿದ್ದರೆ ಗೋಧಿ ಬಿಡುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬಿಟ್ಟ ಮೇಲೆ ಪರೀಕ್ಷಿಸಿದರೆ ಕಾಯಿಲೆ ಇದ್ದರೂ ವರದಿಯಲ್ಲಿ ಕಾಣಿಸದೇ ಹೋಗಬಹುದು. ಈಗಾಗಲೇ ಬಿಟ್ಟಿದ್ದರೆ ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಿ.