ಮನೇಲಿ ಕಾರು ಕಟ್ಟೋರಿಗೆ ಎಂಥಾ ವೆಲ್ಡಿಂಗ್ ಮಿಶಿನ್ ಬೇಕು?

ಇಂಗ್ಲೆಂಡಿನ ಮನೆಗಳ ಗರಾಜಿನಲ್ಲಿ ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲಾ ಇರುತ್ತೆ. ಹಳೇ ಸೋಫಾ, ಹುಲ್ಲು ಕತ್ತರಿಸೋ ಮಿಶಿನ್ನು, ಮಗಳಿಗೆ ಚಿಕ್ಕದಾದ ಸೈಕಲ್ಲು, ನಮ್ಮಂಥವರ ಮನೆಯಾದ್ರೆ ಊರಿಂದ ಹೊತ್ತು ತಂದ ಈಳಿಗೆಮಣೆ. ನಮ್ಮ ಗರಾಜಿನಲ್ಲೀಗ ಇವುಗಳ ನಡುವೆ ಕಾರಿನದೊಂದು ಅಸ್ಥಿಪಂಜರವೂ ಮಲಗಿದೆ. "ದುಡ್ಡು ಕೊಟ್ರೆ ಸಿಗೋ ಕಾರನ್ನ ಯಾಕಪ್ಪಾ ಕಟ್ತೀಯಾ?" ಅಂತ ಊರಿಂದ ಫೋನು ಮಾಡಿದವರೆಲ್ಲಾ ಕೇಳಿ ಆಗಿದೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದರೆ "ಕಟ್ಟೋದಕ್ಕೆ ಯಾವ ವೆಲ್ಡಿಂಗ್ ಮಿಶಿನ್ ತಗೊಂಡೆ, ಯಾಕೆ ತಗೊಂಡೆ?" ಅಂದ್ರೆ ಉತ್ತರ ಇದೆ, ಅದೂ ಸ್ವಲ್ಪ ಉದ್ದವಾಗೇ ಇದೆ!

ಈ ದೇಶದಲ್ಲಿ ಈ ಹುಚ್ಚು ಹೊಸದಲ್ಲ. 1957ರಲ್ಲಿ ಕಾಲಿನ್ ಚಾಪ್ಮನ್‌ನ ಲೋಟಸ್ ಕಂಪನಿ 'ಸೆವೆನ್' ಅಂತ ಒಂದು ಪುಟ್ಟ ಕಾರು ತಂತು. ಬಾಗಿಲಿಲ್ಲ, ಸೂರಿಲ್ಲ, ಭಾರವೂ ಇಲ್ಲ. ಅದನ್ನ ಬಿಡಿಭಾಗಗಳಾಗಿ ಕೊಂಡು ಮನೇಲೇ ಜೋಡಿಸ್ಕೋಬಹುದಿತ್ತು. 1973ರಲ್ಲಿ ಅದರ ಹಕ್ಕು ಕೇಟರ್ಹ್ಯಾಮ್ ಕಂಪನಿಗೆ ಹೋಯ್ತು. 1996ರಲ್ಲಿ ರಾನ್ ಚಾಂಪಿಯನ್ ಅನ್ನೋರು ಬರೆದ ಒಂದು ಪುಸ್ತಕವನ್ನ ಹೇನ್ಸ್ ಪ್ರಕಾಶನ ಹೊರತಂತು. 250 ಪೌಂಡಿನಲ್ಲಿ ನಿಮ್ಮದೇ ಸ್ಪೋರ್ಟ್ಸ್ ಕಾರು ಕಟ್ಟಿ ಅನ್ನೋದು ಅದರ ಹೆಸರಿನ ಸಾರಾಂಶ. ಹಳೇ ಫೋರ್ಡ್ ಎಸ್ಕಾರ್ಟ್‌ನಿಂದ ಎಂಜಿನ್ನು, ಗೇರ್‌ಬಾಕ್ಸು ಬಿಚ್ಚಿಕೊಳ್ಳೋದು, ಚಾಸಿ ಮಾತ್ರ ನಾವೇ ಬೆಸೆಯೋದು. ಇವತ್ತು 250 ಪೌಂಡಿಗೆ ನಾಲ್ಕು ಒಳ್ಳೇ ಟಯರು ಸಿಕ್ಕಿದ್ರೆ ಪುಣ್ಯ, ಅದು ಬಿಡಿ.

ಈ ಚಾಸಿ ಅಂದ್ರೆ ಒಂದಿಂಚಿನ ಚೌಕ ಪೈಪುಗಳ ಪಂಜರ. ಪೈಪಿನ ಗೋಡೆಯ ದಪ್ಪ 16 ಗೇಜ್, ಅಂದ್ರೆ ಸುಮಾರು 1.6 ಮಿಲಿಮೀಟರ್. ಸಸ್ಪೆನ್ಷನ್ ಹಿಡಿಯೋ ಬ್ರಾಕೆಟ್ಟುಗಳು ಮಾತ್ರ 3 ಮಿಲಿಮೀಟರ್ ತಗಡು. ನೂರಕ್ಕೂ ಮೀರಿದ ಬೆಸುಗೆಗಳು, ಅಷ್ಟೂ ನಮ್ಮ ಕೈಯಿಂದಲೇ ಆಗ್ಬೇಕು. ನಕ್ಷೆ ನೋಡಿದ ನನ್ನಾಕೆ ಕೇಳಿದ್ದು ಒಂದೇ ಪ್ರಶ್ನೆ: "ರೀ, ಮಗಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೋಗ್ತಿರುವಾಗ ಬೆಸುಗೆ ಬಿಟ್ಕೊಂಡ್ರೆ ಏನ್ ಗತಿ?" ಮಿಶಿನ್ ಹುಡುಕಾಟ ಶುರುವಾಗಿದ್ದೇ ಆ ಪ್ರಶ್ನೆಯಿಂದ.

ನಮ್ಮೂರಲ್ಲಿ ವೆಲ್ಡಿಂಗ್ ಅಂದ್ರೆ ಎರಡೇ, ಗ್ಯಾಸ್ ವೆಲ್ಡಿಂಗು ಇಲ್ಲಾ ಕರೆಂಟ್ ವೆಲ್ಡಿಂಗು. ಬಸ್‌ಸ್ಟ್ಯಾಂಡಿನ ಪಕ್ಕದ ಶೆಡ್ಡಿನಲ್ಲಿ ಕಿಟಕಿ ಗ್ರಿಲ್ಲು, ಗೇಟು, ಟ್ರಾಕ್ಟರ್ ಟ್ರೇಲರ್ ಎಲ್ಲಾ ರಾಡು ಹಾಕಿ ಬೆಸೀತಿದ್ರು. ಆ ರಾಡಿನ ಮಿಶಿನ್ನು ಇಲ್ಲೂ ಸಿಗುತ್ತೆ, ಎಲ್ಲಕ್ಕಿಂತ ಅಗ್ಗ. ಗೇಟಿಗೆ ಅದೇ ಸರಿ. ಆದರೆ 1.6 ಮಿಲಿಮೀಟರ್ ಪೈಪಿಗೆ ರಾಡು ಹಿಡಿದ್ರೆ, ಕೈ ಪಳಗದವರಿಗೆ ಸಿಗೋದು ಬೆಸುಗೆಯಲ್ಲ, ತೂತು. ಹಾಗಾಗಿ ಅದನ್ನ ಮೊದಲೇ ಪಟ್ಟಿಯಿಂದ ತೆಗೆದೆ.

ಉಳಿದಿದ್ದು ಟಿಗ್ ಮತ್ತು ಮಿಗ್. ಟಿಗ್ ಬೆಸುಗೆ ನೋಡೋಕೆ ಮಲ್ಲಿಗೆ ದಂಡೆ ಇದ್ದ ಹಾಗೆ, ಒಂದರ ಮೇಲೊಂದು ಪದರ. ಬಿಸಿ ಎಷ್ಟು ಬೇಕೋ ಅಷ್ಟೇ ಕೊಡಬಹುದು. ಆದರೆ ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ತಂತಿ, ಬಹಳ ಮಿಶಿನ್‌ಗಳಲ್ಲಿ ಕಾಲಡಿಗೆ ಪೆಡಲ್ಲು... ಹಾರ್ಮೋನಿಯಂ ನುಡಿಸಿದಷ್ಟೇ ಅಭ್ಯಾಸ ಬೇಕು. ಕಬ್ಬಿಣ ಕನ್ನಡಿ ಥರ ಸ್ವಚ್ಛ ಇರಬೇಕು, ಕೆಲಸವೂ ನಿಧಾನ. ವಾರಕ್ಕೊಂದು ಶನಿವಾರ ಸಿಗೋ ಮನುಷ್ಯ ನಾನು.

ಮಿಗ್ ಅಂದ್ರೆ ಸುರುಳಿಯಿಂದ ತಂತಿ ತಾನೇ ಹರಿದು ಬರುತ್ತೆ, ಸುತ್ತ ಗ್ಯಾಸು ಬಂದು ಗಾಳಿಯನ್ನ ದೂರ ಇಡುತ್ತೆ. ಒಂದು ವಾರಾಂತ್ಯದಲ್ಲಿ ಕೈಗೆ ಬರುತ್ತೆ. ಇದರ ಅಪಾಯವೂ ಅಲ್ಲೇ ಇದೆ. ಮಿಗ್ ಬೆಸುಗೆ ಮೇಲಿಂದ ಚೆಂದ ಕಾಣ್ತಾ, ಒಳಗೆ ಕರಗಿ ಕೂಡಿಕೊಳ್ಳದೇ ಬರೀ ಮೇಲೆ ಕೂತಿರಬಹುದು, ಒಣಗಿದ ಗೋಡೆಗೆ ಸಗಣಿ ಮೆತ್ತಿದ ಹಾಗೆ. ಕಣ್ಣಿಗೆ ಗೊತ್ತಾಗೋಲ್ಲ.

ಅದಕ್ಕೇ ಆಂಪಿಯರ್ ಲೆಕ್ಕ ಮುಖ್ಯ. ಇಂಚಿನ ಸಾವಿರದ ಒಂದು ಭಾಗ ದಪ್ಪಕ್ಕೆ ಒಂದು ಆಂಪಿಯರ್ ಅಂತ ಒಂದು ಅಂದಾಜು ಸೂತ್ರ ಇದೆ. 1.6 ಮಿಲಿಮೀಟರಿಗೆ ಅರವತ್ತು ಚಿಲ್ಲರೆ, 3 ಮಿಲಿಮೀಟರಿಗೆ ನೂರಿಪ್ಪತ್ತರ ಹತ್ತಿರ. ಅಂದ್ರೆ 90 ಆಂಪಿಯರಿನ ಆಟಿಕೆ ಮಿಶಿನ್ನಿನಲ್ಲಿ ಪೈಪು ಪೈಪು ಬೆಸೀಬಹುದು, ಪ್ರಾಣ ಹಿಡಿಯೋ ಬ್ರಾಕೆಟ್ಟೇ ಕೈಕೊಡುತ್ತೆ! ಹಾಗಂತ ದೊಡ್ಡದು ತಗೊಳ್ಳೋಣ ಅಂದ್ರೆ ಗೋಡೆಯ ಪ್ಲಗ್ಗು ಅಡ್ಡ ನಿಲ್ಲುತ್ತೆ. ಇಲ್ಲಿನ ಮೂರು ಕಡ್ಡಿ ಪ್ಲಗ್ಗಿನ ಹೊಟ್ಟೆಯಲ್ಲೇ 13 ಆಂಪಿಯರ್ ಫ್ಯೂಸಿದೆ. 230 ವೋಲ್ಟಿಗೆ ಗುಣಿಸಿದ್ರೆ 3 ಕಿಲೋವ್ಯಾಟ್, ಅಷ್ಟೇ. 150 ಆಂಪಿಯರ್ ದಾಟಿದ ಹಳೇ ಮಾದರಿ ಮಿಶಿನ್‌ಗಳಿಗೆ ಸಾಮಾನ್ಯವಾಗಿ 16 ಆಂಪಿಯರಿನ ನೀಲಿ ಸಾಕೆಟ್ಟು ಹಾಕಿಸ್ಬೇಕು, ಎಲೆಕ್ಟ್ರಿಷಿಯನ್ ಖರ್ಚು ಬೇರೆ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ಆಂಪಿಯರ್ ನೋಡಿ ಮರುಳಾಗ್ಬೇಡಿ. ಅದರ ಕೆಳಗೆ ಸಣ್ಣಕ್ಷರದಲ್ಲಿ 'ಡ್ಯೂಟಿ ಸೈಕಲ್' ಅಂತ ಇರುತ್ತೆ. 130 ಆಂಪಿಯರಿಗೆ 20 ಪರ್ಸೆಂಟ್ ಅಂತಿದ್ರೆ, ಹತ್ತು ನಿಮಿಷದಲ್ಲಿ ಎರಡು ನಿಮಿಷ ಬೆಸೆಯೋದು, ಎಂಟು ನಿಮಿಷ ಮಿಶಿನ್ನಿಗೆ ವಿಶ್ರಾಂತಿ. ಸರ್ಕಾರಿ ಕಚೇರಿ ನೆನಪಾದ್ರೆ ನನ್ನ ತಪ್ಪಲ್ಲ. ಕಾರು ಕಟ್ಟೋ ಕೆಲಸಕ್ಕೆ ಇದು ಅಷ್ಟೇನೂ ತೊಂದರೆ ಕೊಡೋಲ್ಲ. ಎರಡಿಂಚು ಬೆಸೆದು, ಚಾಸಿ ಸೊಟ್ಟ ಆಗದಿರಲಿ ಅಂತ ಇನ್ನೊಂದು ಮೂಲೆಗೆ ಹೋಗಿ, ಅಳತೆ ನೋಡಿ, ಕ್ಲಾಂಪು ಬಿಗಿಯೋ ಹೊತ್ತಿಗೆ ಅದರ ನಿದ್ದೆ ಮುಗಿದಿರುತ್ತೆ.

ಗ್ಯಾಸಿಲ್ಲದ ಮಿಗ್ಗೂ ಇದೆ, ತಂತಿಯೊಳಗೇ ಫ್ಲಕ್ಸು ತುಂಬಿರುತ್ತೆ. ಬಯಲಲ್ಲಿ, ಗಾಳಿಯಲ್ಲಿ ಬೆಸೆಯೋರಿಗೆ ವರ. ಆದರೆ ಸಿಡಿತ ಜಾಸ್ತಿ, ಬೆಸೆದಾದ ಮೇಲೆ ಕಿಟ್ಟ ಕೆರೀಬೇಕು. ನಾನು ಗ್ಯಾಸನ್ನೇ ಆರಿಸಿದೆ. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ, ಆಳಕ್ಕೂ ಇಳಿಯುತ್ತೆ, ಸ್ವಲ್ಪ ಒರಟು. ಆರ್ಗಾನ್ ಬೆರೆಸಿದ್ದು ತೆಳು ಪೈಪಿಗೆ ನಯ. ಅಂಗಡಿಯ ಶೆಲ್ಫಿನಲ್ಲಿ ಸಿಗೋ ಪುಟ್ಟ ಬಿಸಾಡೋ ಬಾಟಲಿಗಳ ಹತ್ರ ಮಾತ್ರ ಹೋಗ್ಬೇಡಿ. ನೂರು ಲೀಟರ್ ಗ್ಯಾಸು ಇದ್ರೂ ನಿಮಿಷಕ್ಕೆ 8 ಲೀಟರಿನಂತೆ ಹನ್ನೆರಡೇ ನಿಮಿಷ. ತಿಂಗಳ ಬಾಡಿಗೆ ಇಲ್ಲದೆ, ಠೇವಣಿ ಇಟ್ಟು ತುಂಬಿಸ್ಕೊಳ್ಳೋ ಸಿಲಿಂಡರ್ ಸಿಗುತ್ತೆ, ಅದೇ ಲಾಭ.

ಕೊನೆಗೆ ನಾನು ತಂದಿದ್ದು ಸೆಕೆಂಡ್‌ಹ್ಯಾಂಡ್, 150 ಆಂಪಿಯರಿನ ಹಳೇ ಟ್ರಾನ್ಸ್‌ಫಾರ್ಮರ್ ಮಿಗ್. ಹೊಸ ಇನ್ವರ್ಟರುಗಳು ಹಗುರ, ಬಿಸಿಯನ್ನ ಕೂದಲೆಳೆಯಷ್ಟು ತಿದ್ದಬಹುದು, ನಿಜ. ನನ್ನದರಲ್ಲಿ ಇರೋದು ಆರು ಮೆಟ್ಟಿಲು ಮಾತ್ರ. ಆದರೆ ತಂತಿ ತಳ್ಳೋ ಗಾಲಿಗಳು ಲೋಹದ್ದು, ಟಾರ್ಚು ಯೂರೋ ಕನೆಕ್ಟರಿನದು, ಹಾಳಾದ್ರೆ ಯಾವ ಕಂಪನಿಯದ್ದಾದರೂ ಹಾಕಬಹುದು. ನನ್ನ ಕೇಳಿದ್ರೆ ಮಿಗ್‌ನಲ್ಲಿ ನೋಡಬೇಕಾದ್ದೇ ಈ ತಂತಿ ತಳ್ಳೋ ಭಾಗ. ತಂತಿ ತೊದಲಿದ್ರೆ ಬೆಸುಗೆಯೂ ತೊದಲುತ್ತೆ. ಕೊಳ್ಳೋಕೆ ಹೋದಾಗ ಜೇಬಲ್ಲಿ ನಮ್ಮದೇ ಪೈಪಿನ ಎರಡು ತುಂಡು ಇಟ್ಕೊಂಡು ಹೋಗಿ, ಅಲ್ಲೇ ಬೆಸೆದು ನೋಡಿ.

ತಂದ ಮೇಲೆ ಮೊದಲ ಮೂರು ಶನಿವಾರ ಕಾರಿನ ಪೈಪು ಮುಟ್ಟಲೇ ಇಲ್ಲ. ತುಂಡುಗಳನ್ನ ಬೆಸೆಯೋದು, ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಬಡಿಯೋದು, ಗರಗಸದಲ್ಲಿ ಕೊಯ್ದು ಒಳಗೆ ಕರಗಿದೆಯಾ ನೋಡೋದು. ಪೈಪು ಹರೀಬೇಕು, ಬೆಸುಗೆ ಬಿಡಬಾರದು. ನನ್ನಾಕೆಯ ಕೈಲೂ ಒಂದಿಷ್ಟು ಬಡಿಸಿದೆ, ಉತ್ಸಾಹದಿಂದಲೇ ಬಡಿದಳು!

ಮಿಶಿನ್ನಿನ ಬಜೆಟ್ಟಿನಲ್ಲೇ ಮುಖವಾಡ, ಚರ್ಮದ ಗ್ಲೌಸು, ಹೊಗೆಗೆ ಮಾಸ್ಕು ಸೇರಿಸ್ಕೊಳ್ಳಿ. ನಮ್ಮೂರಿನ ಶೆಡ್ಡಿನಲ್ಲಿ ಬರೀ ಕಪ್ಪು ಕನ್ನಡಕದಲ್ಲಿ ಬೆಸೀತಿದ್ದೋರ ಕೆಂಪು ಕಣ್ಣು ನನಗಿನ್ನೂ ನೆನಪಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2017ರಲ್ಲೇ ವೆಲ್ಡಿಂಗ್ ಹೊಗೆಯನ್ನ ಕ್ಯಾನ್ಸರ್‌ಕಾರಕ ಅಂತ ಮೊದಲ ಗುಂಪಿಗೆ ಸೇರಿಸಿದೆ. ಸತು ಲೇಪಿಸಿದ ಪೈಪು ಬೇಡ, ಅದರ ಹೊಗೆಗೆ ರಾತ್ರಿ ಚಳಿಜ್ವರ ಬರುತ್ತೆ. ಕ್ಲೋರಿನ್ ಇರೋ ಬ್ರೇಕ್ ಕ್ಲೀನರಿನಲ್ಲಿ ಒರೆಸಿ ಬೆಸೆಯೋದಂತೂ ಬೇಡವೇ ಬೇಡ, ಫಾಸ್ಜೀನ್ ಅನ್ನೋ ವಿಷಾನಿಲ ಹುಟ್ಟಬಹುದು.

ಕಾರು ಮುಗಿದ ಮೇಲೆ ಐವಿಎ ಅನ್ನೋ ಸರ್ಕಾರಿ ಪರೀಕ್ಷೆ ಇದೆ, 2009ರಿಂದ ಇರೋದು. ಚೂಪು ಅಂಚು, ಬ್ರೇಕು, ದೀಪ, ಸೀಟ್ ಬೆಲ್ಟು ಎಲ್ಲಾ ನೋಡ್ತಾರೆ. ಆದರೆ ಪರೀಕ್ಷಕರು ಬೆಸುಗೆಯ ಒಳಗೆ ಇಣುಕಿ ನೋಡೋಕಾಗೋಲ್ಲ.

ಹಾಗಾಗಿ ಸೀಟ್ ಬೆಲ್ಟ್ ಬಿಗಿಯೋ ಜಾಗಗಳನ್ನ ಮಾತ್ರ ನಾನು ಪೂರ್ತಿ ಬೆಸೆದಿಲ್ಲ. ಅಳತೆಗೆ ಕೂರಿಸಿ, ಚುಕ್ಕಿ ಹಾಕಿ ಇಟ್ಟಿದ್ದೀನಿ. ಪಕ್ಕದ ಬೀದಿಯಲ್ಲಿ ಹಡಗು ಕಟ್ಟೆಯಲ್ಲಿ ದುಡಿದು ನಿವೃತ್ತರಾದ ವೆಲ್ಡರ್ ಒಬ್ಬರಿದ್ದಾರೆ. ಮುಂದಿನ ಶನಿವಾರ ಬರ್ತೀನಿ ಅಂದಿದ್ದಾರೆ. ಕೂಲಿ ಏನು ಅಂತ ಕೇಳಿದ್ದಕ್ಕೆ, ನಿಮ್ಮನೆ ಅಡುಗೆಮನೆಯಿಂದ ಬರೋ ಆ ಘಮ ಯಾವುದೋ ಅದು ಅಂದ್ರು. ಬಿಸಿಬೇಳೆ ಭಾತಿಗೆ ಇವಳು ಆಗಲೇ ಒಪ್ಪಿದ್ದಾಳೆ.