ಆಪ್ಟಿಮಸ್ ಪ್ರೈಮ್‌ಗೆ ಇನ್ನೂ ಒಳ್ಳೆಯ ಸಿನಿಮಾ ಸಿಗಬೇಕಿತ್ತು

2009ರಲ್ಲಿ ಬಂದ 'ಟ್ರಾನ್ಸ್‌ಫಾರ್ಮರ್ಸ್: ರಿವೆಂಜ್ ಆಫ್ ದ ಫಾಲನ್' ಸಿನಿಮಾದಲ್ಲಿ ಒಂದು ಕಾಡಿನ ಕಾಳಗ ಇದೆ. ಸ್ಯಾಮ್ ಎಂಬ ಹುಡುಗನನ್ನು ಉಳಿಸಲು ಆಪ್ಟಿಮಸ್ ಪ್ರೈಮ್ ಒಂಟಿಯಾಗಿ ಮೂವರನ್ನು ಎದುರು ಹಾಕಿಕೊಳ್ಳುತ್ತಾನೆ. ಮೆಗಾಟ್ರಾನ್, ಯುದ್ಧವಿಮಾನವಾಗುವ ಸ್ಟಾರ್‌ಸ್ಕ್ರೀಮ್, ಹೆಲಿಕಾಪ್ಟರ್ ಆಗುವ ಗ್ರೈಂಡರ್. ಮರಗಳು ಬುಡಸಮೇತ ಉರುಳುತ್ತವೆ, ಮಣ್ಣು ಹಾರುತ್ತದೆ. ಯಾರು ಯಾರಿಗೆ ಹೊಡೆದರು, ಏಟು ಎಲ್ಲಿಗೆ ಬಿತ್ತು ಎಲ್ಲವೂ ಕಣ್ಣಿಗೆ ಸ್ಪಷ್ಟ. ಐಮ್ಯಾಕ್ಸ್ ಕ್ಯಾಮೆರಾದಲ್ಲಿ ಚಿತ್ರಿಸಿದ ಈ ದೃಶ್ಯವನ್ನು ನೋಡುವಾಗ ನನ್ನ ಮೈ ಈಗಲೂ ಜುಮ್ಮೆನ್ನುತ್ತದೆ. ಅದೇ ಸಿನಿಮಾದ ಉಳಿದ ಬಹುಭಾಗದ ಮೇಲೆ ನನಗಿರುವ ಬೇಸರವೂ ಇಷ್ಟು ವರ್ಷದಲ್ಲಿ ಇಳಿದಿಲ್ಲ.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು. ಸೈಬರ್‌ಟ್ರಾನ್ ಎಂಬ ಲೋಹದ ಗ್ರಹ, ಅಲ್ಲಿ ಬದುಕುವವರೆಲ್ಲ ಯಂತ್ರಜೀವಿಗಳು. ಆಟೋಬಾಟ್‌ಗಳ ಬಣಕ್ಕೆ ಆಪ್ಟಿಮಸ್ ಪ್ರೈಮ್ ನಾಯಕ, ಡಿಸೆಪ್ಟಿಕಾನ್‌ಗಳ ಬಣಕ್ಕೆ ಮೆಗಾಟ್ರಾನ್. ಇವರ ಜಗಳ ಭೂಮಿಗೆ ಬಂದಾಗ ಲಾರಿ, ಕಾರು, ವಿಮಾನಗಳ ವೇಷದಲ್ಲಿ ನಮ್ಮ ನಡುವೆ ಅಡಗುತ್ತಾರೆ. ಇದು ಮೊದಲಿಗೆ ಕತೆಯಾಗಿ ಹುಟ್ಟಿದ್ದಲ್ಲ, ಆಟಿಕೆಯಾಗಿ. ಜಪಾನಿನ ಟಕಾರಾ ಕಂಪನಿ ಮಾರುತ್ತಿದ್ದ ಗೊಂಬೆಗಳನ್ನು ಅಮೆರಿಕದ ಹ್ಯಾಸ್‌ಬ್ರೊ ತೆಗೆದುಕೊಂಡು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂದು ಹೆಸರಿಟ್ಟಿತು. ಟಕಾರಾದ ಡಯಾಕ್ಲೋನ್ ಆಟಿಕೆಗಳಲ್ಲಿ ರೋಬಾಟ್‌ಗಳಿಗೆ ಸ್ವಂತ ಜೀವವಿರಲಿಲ್ಲ, ಒಳಗೆ ಕೂತ ಪುಟ್ಟ ಮನುಷ್ಯ ಅವನ್ನು ಓಡಿಸಬೇಕಿತ್ತು. ಮಾರ್ವೆಲ್ ಕಾಮಿಕ್ಸ್‌ನ ಬಾಬ್ ಬುಡಿಯಾನ್‌ಸ್ಕಿ ಹೆಚ್ಚಿನವಕ್ಕೆ ಹೆಸರು, ಸ್ವಭಾವ, ದೌರ್ಬಲ್ಯ ಬರೆದುಕೊಟ್ಟರು. ಆಪ್ಟಿಮಸ್ ಪ್ರೈಮ್ ಎಂಬ ಹೆಸರು ಮಾತ್ರ ಡೆನ್ನಿಸ್ ಓನೀಲ್ ಕೊಟ್ಟದ್ದು. ಪ್ಲಾಸ್ಟಿಕ್ಕಿಗೆ ಪ್ರಾಣ ಬಂದದ್ದು ಹೀಗೆ, ಬರೆಯುವವರ ಕೈಯಿಂದ.

ಎಂಬತ್ತರ ದಶಕದ ಕೊನೆಗೆ, ಅಮೆರಿಕದಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಹಾಸನಕ್ಕೆ ರಜೆಗೆ ಬಂದಾಗ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನನ್ನು ಟಿ.ವಿ.ಯಿಂದ ರೆಕಾರ್ಡ್ ಮಾಡಿಕೊಂಡ ಒಂದು ವಿಡಿಯೊ ಕ್ಯಾಸೆಟ್ ತಂದಿದ್ದ. ಅಮೆರಿಕದ ಕ್ಯಾಸೆಟ್ಟುಗಳು ಎನ್‌ಟಿಎಸ್‌ಸಿ ಪದ್ಧತಿಯವು, ನಮ್ಮ ಟಿ.ವಿ. ಪಾಲ್ ಪದ್ಧತಿಯದು. ಹಾಗಾಗಿ ಚಿತ್ರ ಕಪ್ಪುಬಿಳುಪಾಗಿ, ಆಗಾಗ ಮೇಲಕ್ಕೆ ಜಾರುತ್ತ ಬಂತು. ಆಪ್ಟಿಮಸ್‌ನ ಮೈ ಕೆಂಪು ನೀಲಿ ಎಂದು ನನಗೆ ತಿಳಿದದ್ದು ಮುಂದಿನ ಸಲ ಅಣ್ಣ ಆಟಿಕೆಯನ್ನೇ ತಂದುಕೊಟ್ಟಾಗ. ಲಾರಿಯ ಮುಂಭಾಗವೇ ಎದೆ, ಹಿಂಭಾಗ ಎರಡು ಕಾಲು. ಮುಷ್ಟಿಗಳು ಮಾತ್ರ ಬೇರೆ ಬಿಡಿಭಾಗಗಳು, ಕೊನೆಗೆ ತೋಳಿನ ತೂತಿಗೆ ಸಿಕ್ಕಿಸಬೇಕು. ನಾನು ಅವನ್ನು ಖಾಲಿ ಇನ್‌ಸ್ಟ್ರುಮೆಂಟ್ ಬಾಕ್ಸಿನಲ್ಲಿ ಹತ್ತಿ ಸುತ್ತಿ ಇಡುತ್ತಿದ್ದೆ. ಮುಂದೆ ಟೂಲ್ ರೂಮಿನ ಕೆಲಸ ಹಿಡಿದೆ, ಇಂದಿಗೂ ಪೀಣ್ಯದಲ್ಲಿ ಡೈ, ಫಿಕ್ಸ್‌ಚರ್‌ಗಳ ಡ್ರಾಯಿಂಗ್ ಮಾಡುತ್ತೇನೆ. ಯಾವ ಭಾಗ ಯಾವ ಪಿನ್ನಿನ ಮೇಲೆ ತಿರುಗಿ ಎಲ್ಲಿ ಹೋಗಿ ಕೂರುತ್ತದೆ ಎಂಬ ಕುತೂಹಲವನ್ನು ನನಗೆ ಹಚ್ಚಿದ್ದು ಆ ಲಾರಿ.

ಕಾರ್ಟೂನಿನಲ್ಲಿ ಈ ಲೆಕ್ಕಾಚಾರ ಸಡಿಲವಾಗಿತ್ತು. ಆಪ್ಟಿಮಸ್ ಎದ್ದು ನಿಂತಾಗ ಅವನ ಟ್ರೇಲರ್ ಎಲ್ಲಿಗೋ ಮಾಯ. ಮನೆ ಗಾತ್ರದ ಮೆಗಾಟ್ರಾನ್ ಕುಗ್ಗಿ ಕೈಯಲ್ಲಿ ಹಿಡಿಯುವ ಪಿಸ್ತೂಲಾಗುತ್ತಿದ್ದ. ನಿರ್ದೇಶಕ ಮೈಕೆಲ್ ಬೇ 2007ರ ಮೊದಲ ಸಿನಿಮಾ ಮಾಡುವಾಗ ಇದನ್ನು ಒಪ್ಪಲಿಲ್ಲ. ಎಷ್ಟು ಲೋಹ ಇದೆಯೋ ಅಷ್ಟೇ ರೋಬಾಟ್ ಎಂದರು. ಹಳೆಯ ಚಪ್ಪಟೆ ಮೂತಿಯ ಲಾರಿಯಲ್ಲಿ ಅಷ್ಟು ಸರಕಿಲ್ಲ ಎಂದು ಉದ್ದ ಮೂತಿಯ ಪೀಟರ್‌ಬಿಲ್ಟ್ 379 ಬಂತು. ಹಳಬರು ಅನೇಕರು ಮುನಿಸಿಕೊಂಡರು, ನಾನು ಖುಷಿಪಟ್ಟೆ. ತೂಕಕ್ಕೆ ಬೆಲೆ ಕೊಡುವವರು ಸಿಕ್ಕಿದರು ಎಂದುಕೊಂಡೆ. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆಯವರು ಕಂಪ್ಯೂಟರಿನಲ್ಲಿ ಕಟ್ಟಿದ ಆ ಆಪ್ಟಿಮಸ್‌ಗೆ 10 ಸಾವಿರಕ್ಕೂ ಹೆಚ್ಚು ಬಿಡಿಭಾಗ. ಲಾರಿ ರೋಬಾಟ್ ಆಗುವ ಬಗೆಯನ್ನು ಒಮ್ಮೆ ಮಾಡಿಟ್ಟು ಎಲ್ಲ ಕಡೆ ಬಳಸಲಿಲ್ಲ, ಕ್ಯಾಮೆರಾ ಎಲ್ಲಿದೆಯೋ ಅದಕ್ಕೆ ತಕ್ಕಂತೆ ಪ್ರತಿ ಶಾಟಿಗೂ ಹೊಸದಾಗಿ ಮಾಡಿದರು. ಆ ಶ್ರಮಕ್ಕೆ ನನ್ನ ಗೌರವ ಯಾವತ್ತೂ ಇದೆ.

ತೊಂದರೆ ಶುರುವಾದದ್ದು ಎರಡನೆಯ, ಅಂದರೆ 2009ರ ಸಿನಿಮಾದಲ್ಲಿ. ಏಳು ನಿರ್ಮಾಣ ಯಂತ್ರಗಳು ಸೇರಿ ಡಿವಾಸ್ಟೇಟರ್ ಎಂಬ ದೈತ್ಯನಾಗುವ ದೃಶ್ಯ ಅದರಲ್ಲಿದೆ. 50 ಸಾವಿರಕ್ಕೂ ಮೀರಿದ ಬಿಡಿಭಾಗಗಳು. ಅವನು ಗೀಜಾದ ಪಿರಮಿಡ್ ಹತ್ತುತ್ತಾನೆ, ನೆತ್ತಿಯ ಕಲ್ಲುಗಳನ್ನು ಕಿತ್ತೆಸೆಯುತ್ತಾನೆ. ನಾನು ಕಣ್ಣು ಮಿಟುಕಿಸದೆ ನೋಡಿದೆ. ಯಾವ ಯಂತ್ರ ತೋಳಾಯಿತು, ಯಾವುದು ಕಾಲಾಯಿತು ಎಂಬುದು ಎಲ್ಲೋ ಒಂದೆರಡು ಕಡೆ ಹತ್ತಿದ್ದು ಬಿಟ್ಟರೆ ಉಳಿದದ್ದು ಬರೀ ಲೋಹದ ಗಜಿಬಿಜಿ. ಬೂದು ಬಣ್ಣದವರು ಬೂದು ಬಣ್ಣದವರಿಗೆ ಧೂಳಿನಲ್ಲಿ ಹೊಡೆಯುತ್ತಿದ್ದರೆ ನೋಡುವವನು ಯಾರ ಪರ ನಿಲ್ಲಬೇಕು? ಕಪ್ಪುಬಿಳುಪು ಕ್ಯಾಸೆಟ್ಟಿನಲ್ಲೂ ಆಪ್ಟಿಮಸ್ ಯಾರು ಎಂದು ಹುಡುಕಬೇಕಾಗಿರಲಿಲ್ಲ. ಆಕಾರ, ನಡಿಗೆ, ದನಿ ಅವನನ್ನು ತೋರಿಸಿಕೊಡುತ್ತಿದ್ದವು.

ದನಿಯ ಮಾತು ಬಂತು. 1984ರಲ್ಲಿ ಆಪ್ಟಿಮಸ್‌ಗೆ ದನಿಯಾದವರು ಪೀಟರ್ ಕಲೆನ್. ಮೊದಲ ದಿನ ದನಿ ಪರೀಕ್ಷೆಗೆ ಹೊರಟಾಗ ಅವರು ವಿಯೆಟ್ನಾಂ ಯುದ್ಧದಲ್ಲಿ ಹೋರಾಡಿ ಬಂದಿದ್ದ ಅಣ್ಣ ಲ್ಯಾರಿಗೆ, ನಾಯಕನ ಪಾತ್ರಕ್ಕೆ ಹೋಗುತ್ತಿದ್ದೇನೆ ಎಂದರಂತೆ. ಕೂಗಾಡುವ ಸಿನಿಮಾ ಶೂರ ಆಗಬೇಡ, ಮೃದುವಾಗಿರುವಷ್ಟು ಗಟ್ಟಿಯಾಗಿರು ಎಂಬ ಅರ್ಥದ ಮಾತು ಅಣ್ಣನಿಂದ ಬಂತು. ಅಣ್ಣ ಮಾತಾಡುವ ಧಾಟಿಯನ್ನೇ ಕಲೆನ್ ಆ ಪಾತ್ರಕ್ಕೆ ಕೊಟ್ಟರು. 2007ರಲ್ಲಿ ಅವರೇ ಮರಳಿ ಬಂದಾಗ ಚಿತ್ರಮಂದಿರದಲ್ಲಿ ಆ ದನಿ ಕೇಳಿ ನನಗೆ ಗಂಟಲು ಕಟ್ಟಿತ್ತು.

ಕಾಡಿನ ಕಾಳಗದಲ್ಲಿ ಆಪ್ಟಿಮಸ್ ಸ್ಯಾಮ್‌ನನ್ನು ಹುಡುಕುತ್ತ ಹೆಸರು ಹಿಡಿದು ಕೂಗುವಾಗಲೇ ಮೆಗಾಟ್ರಾನ್ ಹಿಂದಿನಿಂದ ಬಂದು ಇರಿಯುತ್ತಾನೆ. ಓಡಿಹೋಗು ಎಂದು ಹುಡುಗನಿಗೆ ಹೇಳಿ ಆಪ್ಟಿಮಸ್ ಸಾಯುತ್ತಾನೆ. ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗ ನನ್ನ ತೋಳು ಹಿಡಿದು, "ಮಾಮ, ನಿಜವಾಗ್ಲೂ ಸತ್ತೋದ್ನಾ?" ಅಂದ. ಅಮೆರಿಕದ ಮಕ್ಕಳು 1986ರಲ್ಲಿ ಇದೇ ಪ್ರಶ್ನೆ ಕೇಳಿ ಅತ್ತಿದ್ದರು. ಅಂಗಡಿಗೆ ಹೊಸ ಆಟಿಕೆ ಬರಬೇಕಿದೆ, ಹಳಬರು ಜಾಗ ಬಿಡಲಿ ಎಂದು ಆ ವರ್ಷದ ಕಾರ್ಟೂನ್ ಸಿನಿಮಾದಲ್ಲಿ ಆಪ್ಟಿಮಸ್‌ನನ್ನು ಕೊಲ್ಲಲಾಗಿತ್ತು. ಎದ್ದ ದುಃಖ ಎಷ್ಟೆಂದರೆ ಅದೇ ಕಂಪನಿಯ 'ಜಿ.ಐ. ಜೋ' ಸಿನಿಮಾದಲ್ಲಿ ಸಾಯಬೇಕಿದ್ದ ಡ್ಯೂಕ್‌ನನ್ನು ಬರೀ ಪ್ರಜ್ಞೆ ತಪ್ಪಿದವನನ್ನಾಗಿ ಮಾಡಿದರು, 1987ರಲ್ಲಿ ಆಪ್ಟಿಮಸ್‌ನನ್ನೂ ಟಿ.ವಿ.ಗೆ ಕರೆತಂದರು. ವ್ಯಾಪಾರಕ್ಕಾಗಿ ಮಾಡಿದ ಸಾವಾದರೂ ಆ ಸಿನಿಮಾ ಅವನ ಮಂಚದ ಸುತ್ತ ಗೆಳೆಯರನ್ನು ನಿಲ್ಲಿಸಿ, ಸಮಯ ಕೊಟ್ಟು ಕಳಿಸಿಕೊಟ್ಟಿತು. 2009ರ ಸಿನಿಮಾ ಆ ಸಾವನ್ನು ಅಲ್ಲಿಗೇ ಬಿಟ್ಟು ಚೇಷ್ಟೆಗೆ ಹೊರಳುತ್ತದೆ. ನನ್ನ ದೂರು ಮುಖ್ಯವಾಗಿ ಇದೇ.

ಕತೆ ಹೀಗೇಕಾಯಿತು ಎಂಬುದಕ್ಕೆ ಕಾರಣ ಇದೆ. 2007ರ ನವೆಂಬರಿನಿಂದ 2008ರ ಫೆಬ್ರವರಿವರೆಗೆ ಹಾಲಿವುಡ್ ಲೇಖಕರ ಮುಷ್ಕರ ನಡೆಯಿತು. ಬರೆಯುವವರು ಕೈಕಟ್ಟಿ ಕೂತಿದ್ದರು, ಬಿಡುಗಡೆಯ ದಿನ ಕದಲಲಿಲ್ಲ. ಚಿತ್ರಕತೆ ಹಣ್ಣಾಗದೆಯೇ ತಯಾರಿ ಸಾಗಿತು. ಸಿನಿಮಾ ಸರಿಬರಲಿಲ್ಲ ಎಂದು ಬೇ ಅವರೇ ಆಮೇಲೆ ಒಪ್ಪಿಕೊಂಡರು. ಅದರ ಗುರುತುಗಳು ತೆರೆಯ ಮೇಲೆಯೇ ಇವೆ. ವಾಷಿಂಗ್ಟನ್ ಬಳಿಯ ವಿಮಾನ ಮ್ಯೂಸಿಯಮ್ಮಿನ ಬಾಗಿಲು ದಾಟಿದರೆ ಎದುರಿಗೆ ಮರುಭೂಮಿ, ಗುಡ್ಡ, ಗುಜರಿ ವಿಮಾನಗಳ ಸಾಲು! ಈಜಿಪ್ಟಿನ ಗೀಜಾ ಮತ್ತು ಜೋರ್ಡಾನಿನ ಪೆಟ್ರಾ ಒಂದೇ ಊರಿನ ಎರಡು ಬೀದಿಗಳಂತೆ ಬಂದುಹೋಗುತ್ತವೆ. ಹೆಸರಿಗೆ ಕಾರಣನಾದ ಖಳ ಫಾಲನ್ ಕೊನೆಯಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಸಾಯುತ್ತಾನೆ.

ಇವನ್ನೆಲ್ಲ ಸಹಿಸಿಕೊಳ್ಳಬಹುದು. ಸ್ಕಿಡ್ಸ್, ಮಡ್‌ಫ್ಲಾಪ್ ಎಂಬ ಅವಳಿ ರೋಬಾಟ್‌ಗಳನ್ನು ಮಾತ್ರ ಆಗುವುದಿಲ್ಲ. ಅಮೆರಿಕದ ಕಪ್ಪು ಜನರ ಆಡುಮಾತನ್ನು ಅಣಕಿಸುವ ಮಾತು, ಒಬ್ಬನಿಗೆ ಚಿನ್ನದ ಹಲ್ಲು, ತಮಗೆ ಓದು ಬರುವುದಿಲ್ಲ ಎಂದು ಹೇಳಿಕೊಳ್ಳುವ ಸನ್ನಿವೇಶ. ಅದು ಹಾಸ್ಯವಲ್ಲ, ಅವಮಾನ. ಸ್ಕಿಡ್ಸ್ ವೇಷ ತಾಳುವ ಹಸಿರು ಕಾರು ಷೆವರ್ಲೆ ಬೀಟ್‌ನ ಮಾದರಿ, 2010ರಲ್ಲಿ ಅದು ನಮ್ಮ ರಸ್ತೆಗೂ ಬಂತು. ಅಕ್ಕನ ಮಗ ಬೀದಿಯಲ್ಲಿ ಅದನ್ನು ಕಂಡು ಕುಣಿದಾಗ, ಆ ಪಾತ್ರದಲ್ಲಿ ಏನು ತಪ್ಪಿದೆ ಎಂದು ಅವನನ್ನು ಕೂರಿಸಿಕೊಂಡು ಹೇಳಿದೆ. ಅವನಿಗೆ ಅರ್ಥವಾಯಿತು.

ಕಳಪೆ ಸಿನಿಮಾಗಳಿಗೆ ಕೊಡುವ ರಾಜ್ಜಿ ಪ್ರಶಸ್ತಿಯವರು 2009ರ ಆ ಸಿನಿಮಾವನ್ನು ವರ್ಷದ ಅತಿ ಕಳಪೆ ಚಿತ್ರ ಎಂದರು. ಗಲ್ಲಾಪೆಟ್ಟಿಗೆಗೆ ಮಾತ್ರ ಜಗತ್ತಿನಾದ್ಯಂತ 83 ಕೋಟಿ ಡಾಲರಿಗೂ ಮೀರಿ ಬಂತು. 2018ರಲ್ಲಿ ಟ್ರಾವಿಸ್ ನೈಟ್ ನಿರ್ದೇಶಿಸಿದ 'ಬಂಬಲ್‌ಬೀ'ಗೆ ಬಂದದ್ದು ಸುಮಾರು 47 ಕೋಟಿ. 1987ರಲ್ಲಿ ನಡೆಯುವ ಕತೆ ಅದು. ಬಂಬಲ್‌ಬೀ ಎಂಬ ಆಟೋಬಾಟ್ ಅದರಲ್ಲಿ ಮತ್ತೆ ಹಳೆಯ ಹಳದಿ ಫೋಕ್ಸ್‌ವ್ಯಾಗನ್ ಬೀಟಲ್. ಶುರುವಿನ ಸೈಬರ್‌ಟ್ರಾನ್ ಯುದ್ಧದಲ್ಲಿ ಆಪ್ಟಿಮಸ್ ಕೆಂಪು ನೀಲಿ ಮೈಯಲ್ಲಿ ಬಂದು ನಿಲ್ಲುತ್ತಾನೆ, ಪ್ರತಿಯೊಬ್ಬರನ್ನೂ ಗುರುತಿಸಬಹುದು, ಬಾಗಿಲು ರೆಕ್ಕೆಯಾಗುವುದು ಕಣ್ಣಿಗೆ ಕಾಣುತ್ತದೆ. ಒಬ್ಬ ಹುಡುಗಿ ಮತ್ತು ಒಂದು ರೋಬಾಟ್ ನಡುವಿನ ಸ್ನೇಹಕ್ಕೆ ಪುರುಸೊತ್ತೂ ಇದೆ.

ಮನೆಯ ಮಕ್ಕಳಿಗೆ ಟ್ರಾನ್ಸ್‌ಫಾರ್ಮರ್ಸ್ ತೋರಿಸಬೇಕೆಂದಿದ್ದರೆ 'ಬಂಬಲ್‌ಬೀ'ಯಿಂದ ಶುರು ಮಾಡಿ, ಆಮೇಲೆ 2007ರದ್ದು. 2009ರ ಸಿನಿಮಾವನ್ನು ಪೂರ್ತಿ ನೋಡಲೇಬೇಕು ಎಂದು ನಾನು ಹೇಳಲಾರೆ. ಕಾಡಿನ ಕಾಳಗವನ್ನು ಮಾತ್ರ ಬಿಡಬೇಡಿ, ದನಿ ಜೋರಾಗಿಟ್ಟುಕೊಂಡು ನೋಡಿ.